ಭಟ್ಟಿಯ ಬಿಸಿ ಮಂಡಕ್ಕಿಗೆ ನಾಲ್ಕು ಸ್ಟಾರ್

ದಾವಣಗೆರೆಯಲ್ಲಿ ಸೀದಾ ಭಟ್ಟಿಗೇ ಹೋಗಿ ಒಂದು ಚೀಲ ಮಂಡಕ್ಕಿ ತಂದೆ. ಬಿಸಿ ಇದ್ದಾಗಲೇ ಒಂದು ಮುಷ್ಟಿ ಕೈಗೆ ಹಾಕಿದರು. ಗರಿಗರಿ, ಉಪ್ಪು ಹದವಾಗಿತ್ತು.

ಆದರೆ ನನಗೆ ಜಾಸ್ತಿ ಇಷ್ಟವಾಗಿದ್ದು ಒಲೆ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆ ನೆಲ ಅಗೆದಾಗ ಸಿಗುವ ಹಳೇ ಕಾಳು ಒಣಗಿಸುವ ಗೂಡುಗಳ ಬಗ್ಗೆ ಈಚೆಗೆ ಓದುತ್ತಿದ್ದೆ. ಅಲ್ಲಿ ಸುಗ್ಗಿ ಹೊತ್ತಿಗೂ ಮಳೆ, ನಮ್ಮ ಹಾಗೆ ಕಣದಲ್ಲಿ ಹರಡಿ ಬಿಸಿಲಿಗೆ ಬಿಟ್ಟರೆ ಆಗಲ್ಲ. ಅದಕ್ಕೇ ಗುಂಡಿ ತೋಡಿ, ಒಂದು ತುದಿಯಲ್ಲಿ ಬೆಂಕಿ ಹಾಕಿ, ಬಿಸಿಗಾಳಿ ಕಾಲುವೆಯಲ್ಲಿ ಹಾದು ಬರುವಂತೆ ಮಾಡಿ, ಇನ್ನೊಂದು ತುದಿಯಲ್ಲಿ ಕಡ್ಡಿ-ಹುಲ್ಲಿನ ಅಟ್ಟ ಕಟ್ಟಿ ಅದರ ಮೇಲೆ ಬಾರ್ಲಿ, ಓಟ್ಸ್ ಹರಡುತ್ತಿದ್ದರು. ಅಟ್ಟಕ್ಕೇ ಬೆಂಕಿ ಹತ್ತಿದರೆ ಎಲ್ಲ ಇದ್ದಿಲು! ರೈತನಿಗೆ ನಷ್ಟ, ಈಗ ನೆಲ ಅಗೆದು ಹಳೇ ಕಾಲದ ಕುರುಹು ಹುಡುಕುವವರಿಗೆ ಲಾಭ ಅಲ್ವಾ? ಕರಕಲಾದ ಕಾಳು ಕೊಳೆಯುವುದಿಲ್ಲ. ಅದರ ಆಕಾರ ನೋಡಿ ಯಾವ ಬೆಳೆ ಅಂತ ಹೇಳುತ್ತಾರೆ, ರೇಡಿಯೋಕಾರ್ಬನ್ ಪರೀಕ್ಷೆಯಿಂದ ಎಷ್ಟು ಹಳೇದು ಅಂತ ತಿಳಿಯುತ್ತದೆ.

ನಮ್ಮ ಭಟ್ಟಿಯ ಕೆಲಸ ಬೇರೆ. ಭತ್ತ ನೆನೆಸಿ, ಕಾಯಿಸಿ, ಒಣಗಿಸಿ, ಹೊಟ್ಟು ತೆಗೆದ ಅಕ್ಕಿ ಕಾದ ಮರಳಿಗೆ ಬಿದ್ದ ತಕ್ಷಣ ಅರಳುತ್ತದೆ. "ಸೀದು ಹೋಗಲ್ವಾ ಅಣ್ಣ?" ಅಂದೆ. "ಕೈ ನಿಂತ್ರೆ ಹೋಯ್ತು ಸರ್" ಅಂದರು, ಕೈ ನಿಲ್ಲಿಸದೇ.

ಒಂದು ಸ್ಟಾರ್ ಕಟ್ ಯಾಕೆಂದರೆ ಚೀಲದ ಬಾಯಿ ಸಡಿಲ ಕಟ್ಟಿದ್ದರು, ಮರುದಿನ ಬೆಳಿಗ್ಗೆಗೆ ಮೇಲಿನದೆಲ್ಲ ಮೆತ್ತಗಾಗಿತ್ತು. ಹೊಗೆಯೂ ಜಾಸ್ತಿ, ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಮೆತ್ತಗಾದದ್ದನ್ನು ಒಗ್ಗರಣೆ ಹಾಕಿದೆವು, ಉಳಿದದ್ದು ಮಿರ್ಚಿ ಜೊತೆ ಎರಡೇ ದಿನಕ್ಕೆ ಖಾಲಿ.