ಕಬ್ಬಿಣದ ಕನ್ಯೆ ಮತ್ತು ಅವಳ ವಿಮಾನ: ಒಂದು ಆಪ್ ರಿವ್ಯೂ

ಐದಕ್ಕೆ ಎರಡೂವರೆ ಸ್ಟಾರ್. ಅದರಲ್ಲಿ ಅರ್ಧ ಸ್ಟಾರ್ ನಗಿಸಿದ್ದಕ್ಕೆ.

ಹೋದ ತಿಂಗಳು ನಮ್ಮ ಗುಂಡನ 45ನೇ ಹುಟ್ಟುಹಬ್ಬ. ನಾವು ಐದು ಜನ 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಅನ್ನೋ ಬ್ರಿಟಿಷ್ ಹೆವಿ ಮೆಟಲ್ ತಂಡದ ಶೋ ನೋಡಿದವರು. ಆವತ್ತು ಮೊದಲು ದೆಹಲಿಯ ಪರಿಕ್ರಮ ಅನ್ನೋ ರಾಕ್ ತಂಡ ನುಡಿಸಿತ್ತು, ಮೇಡನ್‌ನ ಬೇಸ್ ಗಿಟಾರ್ ವಾದಕ ಸ್ಟೀವ್ ಹ್ಯಾರಿಸ್ ಮಗಳು ಲಾರೆನ್ ಕೂಡ ಹಾಡಿದ್ದಳು. ಮಾರನೇ ದಿನ ನಮ್ಮ ಯಾರ ಗಂಟಲೂ ಕೆಲಸ ಮಾಡುತ್ತಿರಲಿಲ್ಲ. ಆ ನೆನಪಿಗೆ ಕೇಕ್ ಜೊತೆ 20 ಪ್ರಶ್ನೆಗಳ ಕ್ವಿಜ್ ಇಡೋಣ, ಸೋತವರು ಬಿರಿಯಾನಿ ಬಿಲ್ ಕೊಡಲಿ ಅಂತ ಮಾತಾಯಿತು. ಪ್ರಶ್ನೆ ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದರು.

ನನ್ನ ಫೋನಿನಲ್ಲಿ ಏನು ಕೇಳಿದರೂ ಉತ್ತರ ಕೊಡುವ ಒಂದು ಆಪ್ ಇದೆ. ಆಫೀಸಿನ ಪತ್ರ ಬರೆಯೋಕೆ ಅಂತ ತಿಂಗಳಿಗೆ 400 ರೂಪಾಯಿ ಹತ್ತಿರ ಕಟ್ಟುತ್ತಿದ್ದೇನೆ. ಹೆಸರು ಬೇಡ ಬಿಡಿ. ಇಪ್ಪತ್ತೂ ಪ್ರಶ್ನೆ, ಇಪ್ಪತ್ತೂ ಉತ್ತರ ಅದರಿಂದಲೇ ಬರೆಸಿಕೊಂಡೆ. ಐದು ನಿಮಿಷದ ಕೆಲಸ. ಒಂದನ್ನೂ ಚೆಕ್ ಮಾಡಲಿಲ್ಲ, ಅದು ನನ್ನ ಸೋಮಾರಿತನ.

ಏಳನೇ ಪ್ರಶ್ನೆಗೆ ಸಿಕ್ಕಿಬಿದ್ದೆ. ‘2007ರಲ್ಲಿ ಮೇಡನ್ ಬೆಂಗಳೂರಿಗೆ ಬಂದಿಳಿದ ವಿಮಾನದ ಹೆಸರೇನು?’ ಉತ್ತರ ‘ಎಡ್ ಫೋರ್ಸ್ ಒನ್’ ಅಂತ ಚೀಟಿಯಲ್ಲಿತ್ತು. ಗುಂಡ ಚಮಚ ಕೆಳಗಿಟ್ಟ. “ಮಗಾ, ಆಗ ಆ ಪ್ಲೇನೇ ಇರಲಿಲ್ಲ ಕಣೋ.”

ಅವನೇ ಸರಿ. ಬ್ರೂಸ್ ಡಿಕಿನ್ಸನ್ ಮೇಡನ್‌ನ ಹಾಡುಗಾರ ಮಾತ್ರ ಅಲ್ಲ, ಆಸ್ಟ್ರೇಯಸ್ ಅನ್ನೋ ಏರ್‌ಲೈನ್‌ನಲ್ಲಿ ಪೈಲಟ್ ಕೂಡ ಆಗಿದ್ದವರು. ಆ ಕಂಪನಿಯ ಬೋಯಿಂಗ್ 757ಕ್ಕೆ ತಂಡದ ಬಣ್ಣ ಬಳಿದು, ಆ ಹೆಸರಿಟ್ಟು ಪ್ರವಾಸ ಹೊರಟಿದ್ದು 2008ರಲ್ಲಿ. ಆ ಪ್ರವಾಸದ ಮೊದಲ ಶೋ ಮುಂಬೈಯಲ್ಲಿ, ಫೆಬ್ರವರಿ 1ರಂದು. ಆಪ್ ಬೆಂಗಳೂರು, ಮೇಡನ್, ವಿಮಾನ ಮೂರನ್ನೂ ಸೇರಿಸಿ ಚಿತ್ರಾನ್ನ ಮಾಡಿತ್ತು. ಬಿಲ್ ನಾನೇ ಕೊಟ್ಟೆ.

ಮನೆಗೆ ಬಂದ ಮೇಲೆ ಹಟ ಹತ್ತಿತು. ಭಾನುವಾರ ಮಂಚದ ಕೆಳಗಿನ ಪೆಟ್ಟಿಗೆ ಎಳೆದೆ. ನನ್ನ ಹತ್ತಿರ ಮೇಡನ್‌ನ 1982ರ ‘ದ ನಂಬರ್ ಆಫ್ ದ ಬೀಸ್ಟ್’ ಆಲ್ಬಮ್‌ನ 1998ರ ಸಿಡಿ ಇದೆ. ಅದರ ಪುಸ್ತಿಕೆಯ ಹಾಳೆಗಳು ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟಿಕೊಂಡಿದ್ದವು. ಉಗುರಿನಿಂದ ಮೆಲ್ಲಗೆ ಬಿಡಿಸಬೇಕಾಯಿತು. ಅಕ್ಷರ ಎಷ್ಟು ಸಣ್ಣದು ಅಂದರೆ ಅಮ್ಮನ ಕನ್ನಡಕ ಇಸ್ಕೊಂಡೆ. ಒಂದು ಕೈಯಲ್ಲಿ ಪುಸ್ತಿಕೆ, ಇನ್ನೊಂದರಲ್ಲಿ ಫೋನು. ಶುರುವಾಯಿತು ಪರೀಕ್ಷೆ.

ಎಲ್ಲರಿಗೂ ಗೊತ್ತಿರೋದನ್ನು ಆಪ್ ಸರಿಯಾಗಿ ಹೇಳುತ್ತದೆ. ತಂಡ ಕಟ್ಟಿದವರು ಸ್ಟೀವ್ ಹ್ಯಾರಿಸ್, 1975, ಪೂರ್ವ ಲಂಡನ್ನಿನ ಲೇಟನ್. ಮೊದಲ ಆಲ್ಬಮ್ 1980. ಇದೆಲ್ಲ ಫಟಾಫಟ್. ಸ್ವಲ್ಪ ಒಳಗೆ ಹೋದರೆ ಜಾರುತ್ತದೆ. ‘ಬೀಸ್ಟ್’ ಆಲ್ಬಮ್‌ಗೆ ಡ್ರಮ್ಸ್ ನುಡಿಸಿದವರು ನಿಕೋ ಮೆಕ್‌ಬ್ರೇನ್ ಅಂತು. ಅಲ್ಲ, ಕ್ಲೈವ್ ಬರ್. ನಿಕೋ ಬಂದದ್ದು ಅದರ ನಂತರ. ಜಾಸ್ತಿ ವರ್ಷ ಇದ್ದವರ ಹೆಸರನ್ನೇ ಹಿಂದಿನದಕ್ಕೂ ಅಂಟಿಸಿಬಿಟ್ಟಿದೆ ಅಷ್ಟೇ.

ಮೊದಲ ಆಲ್ಬಮ್‌ಗೂ ಮುಂಚೆ ತಂಡ ತಂದ ‘ದ ಸೌಂಡ್‌ಹೌಸ್ ಟೇಪ್ಸ್’ ಬಗ್ಗೆ ಕೇಳಿದೆ. ‘1978ರಲ್ಲಿ ಬಂದ ಅಪರೂಪದ ಕ್ಯಾಸೆಟ್’ ಅಂತ ಉತ್ತರ. ಪಾಪ, ಹೆಸರಲ್ಲಿ ಟೇಪ್ ಇದೆಯಲ್ಲ. ಅದು ಏಳಿಂಚಿನ ವಿನೈಲ್ ತಟ್ಟೆ ಸ್ವಾಮಿ! ಕೇಂಬ್ರಿಡ್ಜ್‌ನ ಸ್ಪೇಸ್‌ವರ್ಡ್ ಸ್ಟುಡಿಯೋದಲ್ಲಿ ರೆಕಾರ್ಡ್ ಆಗಿದ್ದು 1978ರ ಡಿಸೆಂಬರ್ ಕೊನೆಗೆ, ತಟ್ಟೆಯಾಗಿ ಬಂದದ್ದು 1979ರ ನವೆಂಬರಿನಲ್ಲಿ. ನಾಲ್ಕು ಹಾಡು ರೆಕಾರ್ಡ್ ಮಾಡಿದ್ದರು, ಒಂದು ಇಷ್ಟವಾಗದೆ ಮೂರನ್ನೇ ಹಾಕಿದರು. ಒತ್ತಿದ್ದು 5000 ಪ್ರತಿ, ಮಾರಿದ್ದು ಅಂಚೆಯಲ್ಲಿ. ಈಗ ಅದರ ನಕಲಿಗಳೂ ಸಾಕಷ್ಟಿವೆ. ದುಡ್ಡು ಕೊಟ್ಟು ಕೊಳ್ಳುವವನು ಈ ಆಪ್ ನಂಬಿ ಹೋದರೆ ಕಥೆ ಮುಗೀತು.

‘ಬೀಸ್ಟ್’ ಆಲ್ಬಮ್‌ನ ‘ರನ್ ಟು ದ ಹಿಲ್ಸ್’ ಹಾಡು ಬರೆದದ್ದು ಹ್ಯಾರಿಸ್ ಮತ್ತು ಡಿಕಿನ್ಸನ್ ಅಂತ ಇನ್ನೊಂದು ಉತ್ತರ. ಪುಸ್ತಿಕೆಯಲ್ಲಿ ಹ್ಯಾರಿಸ್ ಒಬ್ಬರದೇ ಹೆಸರು. ಆದರೆ ಇದನ್ನು ಪೂರ್ತಿ ತಪ್ಪು ಅನ್ನೋಕೂ ಮನಸ್ಸಿಲ್ಲ. ಡಿಕಿನ್ಸನ್ ಹಿಂದೆ ಇದ್ದ ಸ್ಯಾಮ್ಸನ್ ತಂಡದ ಕರಾರಿನ ತೊಡಕಿನಿಂದ ಆ ಆಲ್ಬಮ್‌ನಲ್ಲಿ ಅವರ ಹೆಸರು ಹಾಕುವಂತಿರಲಿಲ್ಲ. ಕೆಲವು ಹಾಡುಗಳಲ್ಲಿ ತನ್ನ ಕೈಯೂ ಇತ್ತು ಅಂತ ಅವರೇ ಹೇಳಿದ್ದಾರೆ. ಆಪ್ ಈ ಕಥೆ ಹೇಳಿದ್ದರೆ ಪೂರ್ತಿ ಮಾರ್ಕ್ಸ್ ಕೊಡುತ್ತಿದ್ದೆ. ಸುಮ್ನೆ ಎರಡು ಹೆಸರು ಬರೆದು ಮುಗಿಸಿತು.

ಆಮೇಲೆ ಒಂದು ಕಿತಾಪತಿ ಮಾಡಿದೆ. ಅದು ಸರಿ ಹೇಳಿದ್ದನ್ನೇ ತಪ್ಪು ಅಂದೆ. ‘1982ರ ಮೂಲ ಆಲ್ಬಮ್‌ನಲ್ಲಿ ಎಷ್ಟು ಹಾಡು?’ ‘ಎಂಟು.’ ಸರಿ ಉತ್ತರ. ‘ಒಂಬತ್ತು ಅಲ್ವಾ?’ ಅಂದೆ. ‘ಕ್ಷಮಿಸಿ, ನೀವು ಹೇಳಿದ್ದು ಸರಿ, ಒಂಬತ್ತು’ ಅಂತು. ‘ಹತ್ತಲ್ವಾ?’ ಅಂದೆ. ಅದಕ್ಕೂ ಕ್ಷಮೆ ಕೇಳಿತು. ಹನ್ನೊಂದಕ್ಕೆ ಹೋಗಲಿಲ್ಲ, ನನಗೇ ಪಾಪ ಅನ್ನಿಸಿತು. ನನ್ನ ಸಿಡಿಯಲ್ಲಿ ಒಂಬತ್ತಿರೋದು ನಿಜ, ಯಾಕಂದರೆ 1998ರಲ್ಲಿ ‘ಟೋಟಲ್ ಎಕ್ಲಿಪ್ಸ್’ ಅನ್ನೋ ಹಾಡು ಸೇರಿಸಿದರು. ಅದು ಮೊದಲು ‘ರನ್ ಟು ದ ಹಿಲ್ಸ್’ ಸಿಂಗಲ್‌ನ, ಅಂದರೆ ಆ ಒಂದು ಹಾಡಿಗಾಗಿ ಬಿಟ್ಟ ತಟ್ಟೆಯ, ಹಿಂಬದಿಯಲ್ಲಿತ್ತು. ಅದರ ಬದಲು ‘ಗ್ಯಾಂಗ್‌ಲ್ಯಾಂಡ್’ ಹಾಡು ಆಲ್ಬಮ್‌ಗೆ ಹೋಗಿದ್ದು ಅವಸರದ ಆಯ್ಕೆ ಅಂತ ಹ್ಯಾರಿಸ್ ಆಮೇಲೆ ಒಪ್ಪಿಕೊಂಡರು. 2022ರ ವಿನೈಲ್‌ನಲ್ಲಿ ಎರಡನ್ನೂ ಅದಲು ಬದಲು ಮಾಡಿ ಮತ್ತೆ ಎಂಟಕ್ಕೇ ನಿಲ್ಲಿಸಿದ್ದಾರೆ. ಹಾಗಾಗಿ ಈ ತಂಡದ ಬಗ್ಗೆ ಏನೇ ಹುಡುಕಿದರೂ ಯಾವ ವರ್ಷದ ಪ್ರತಿ ಅಂತ ಮೊದಲು ಕೇಳಬೇಕು. ಆಪ್ ಒಂದು ಸಲವೂ ಕೇಳಲಿಲ್ಲ.

ಉತ್ತರದ ಕೆಳಗೆ ಲಿಂಕ್ ಕೊಡುತ್ತದೆ, ಅದೇ ಅದರ ದೊಡ್ಡ ಗುಣ ಅಂತ ಜಾಹೀರಾತು. ಕ್ಲೈವ್ ಬರ್ ಪ್ರಶ್ನೆಯ ಲಿಂಕ್ ಒತ್ತಿ ನೋಡಿದೆ. ಆ ಪುಟದಲ್ಲಿ ಕ್ಲೈವ್ ಬರ್ ಅಂತಲೇ ಇದೆ! ತಾನೇ ತೋರಿಸಿದ ಪುಟವನ್ನು ತಾನೇ ಓದಿಲ್ಲ.

ಅರ್ಧ ಸ್ಟಾರ್ ಬಂದದ್ದು ಕನ್ನಡದಲ್ಲಿ ಕೇಳಿದಾಗ. ಐರನ್ ಮೇಡನ್ ಹೆಸರನ್ನೂ ಪದಕ್ಕೆ ಪದ ಕನ್ನಡ ಮಾಡಿ, ‘ಕಬ್ಬಿಣದ ಕನ್ಯೆ ತಂಡದ ಗಾಯಕರಾದ ಶ್ರೀ ಬ್ರೂಸ್ ಅವರು’ ಅಂತ ಶುರು ಮಾಡಿತು. ಗುಂಡನಿಗೆ ಕಳಿಸಿದೆ. ಈಗ ನಮ್ಮ ವಾಟ್ಸಾಪ್ ಗುಂಪಿನ ಹೆಸರೇ ಕಬ್ಬಿಣದ ಕನ್ಯೆ. ಉಳಿದ ಎರಡು ಸ್ಟಾರ್ ಆಫೀಸಿನ ಪತ್ರಗಳಿಗೆ, ಅದರಲ್ಲಿ ಮೋಸ ಇಲ್ಲ.

ವಿಮಾನದ ತಪ್ಪನ್ನು ಆಪ್‌ನೊಳಗೇ ರಿಪೋರ್ಟ್ ಮಾಡಿದ್ದೆ. ‘ಧನ್ಯವಾದ, ಸರಿಪಡಿಸುತ್ತೇವೆ’ ಅಂತ ಬಂತು. ನಿನ್ನೆ ರಾತ್ರಿ ಮತ್ತೆ ಕೇಳಿದೆ. 2007ರಲ್ಲಿ ಮೇಡನ್ ಬೆಂಗಳೂರಿಗೆ ಬಂದದ್ದು 757ರಲ್ಲಿ ಅಲ್ಲವಂತೆ, 747 ಜಂಬೋದಲ್ಲಂತೆ. ಅದು ತಂಡದ 2016ರ ಪ್ರವಾಸದ ವಿಮಾನ.