ವಿಮೆ ಇದ್ದರೂ ಮನೆಯಲ್ಲಿ ನುಂಗುವ ಮಾತ್ರೆಗೆ ಹಣ ಬರುವುದಿಲ್ಲ: ಹಿರಿಯರಿರುವ ಮನೆಗಳಿಗೆ ಒಂದು ಎಚ್ಚರಿಕೆ

ಆಸ್ಪತ್ರೆಯಿಂದ ಬಿಡುಗಡೆಯಾಗಿ ಮನೆಗೆ ಬಂದವರು ನಿತ್ಯ ನುಂಗಬೇಕಾದ ಮಾತ್ರೆಗಳಿಗೆ ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಕೆಲವು ವಾರಗಳ ನಂತರ ಹಣ ಸಿಗುವುದಿಲ್ಲ. ಇದು ಪಾಲಿಸಿ ಪತ್ರದಲ್ಲಿ ಅಚ್ಚಾಗಿಯೇ ಇರುತ್ತದೆ, ಆದರೆ ಪಾಲಿಸಿ ಮಾರುವವರು ಬಾಯಿಬಿಟ್ಟು ಹೇಳುವುದು ಅಪರೂಪ. ಹೊಸನಗರ ತಾಲ್ಲೂಕಿನಲ್ಲಿರುವ ನಮ್ಮ ದೊಡ್ಡಪ್ಪನ ಜೀವಕ್ಕೇ ಇದರಿಂದ ಕುತ್ತು ಬಂದಿತ್ತಾದ್ದರಿಂದ, ಬೇರೆ ಮನೆಗಳಲ್ಲಿ ಹೀಗಾಗದಿರಲಿ ಎಂದು ಬರೆಯುತ್ತಿದ್ದೇನೆ.

ದೊಡ್ಡಪ್ಪನಿಗೆ ಎಪ್ಪತ್ತು ದಾಟಿದೆ. ಪಾಲಿಸಿ ಮಾಡಿಸುವಾಗ ಏಜೆಂಟರು ಮನೆಯ ಜಗಲಿಯಲ್ಲಿ ಕುಳಿತು, "ಆಸ್ಪತ್ರೆ, ಔಷಧಿ ಎಲ್ಲಾ ಇದರಲ್ಲೇ ಬರ್ತದೆ ಯಜಮಾನ್ರೇ" ಎಂದು ಭರವಸೆ ಕೊಟ್ಟಿದ್ದರು. ಶಿವಮೊಗ್ಗದ ಖಾಸಗಿ ಆಸ್ಪತ್ರೆಯೊಂದರಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್, ಅಂದರೆ ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ, ಹಾಕಿದಾಗ, ಸಹಪಾವತಿಯ ಪಾಲನ್ನು (ಬಿಲ್ಲಿನಲ್ಲಿ ಪಾಲಿಸಿದಾರರೇ ಕೊಡಬೇಕಾದ ಭಾಗವನ್ನು) ಮುರಿದುಕೊಂಡು ಉಳಿದ ಬಿಲ್ಲನ್ನು ಕಂಪನಿ ಕೊಟ್ಟಿತು. ಮನೆಗೆ ಬಂದ ಹೊಸತರಲ್ಲಿ ಕೊಂಡ ಔಷಧಿಗಳ ಹಣವೂ ಬಂತು. ಆದ್ದರಿಂದಲೇ ಅವರು ಮುಂದಿನ ರಸೀದಿಗಳನ್ನೂ ಜೋಪಾನವಾಗಿ ಕೂಡಿಟ್ಟು ಕಳುಹಿಸಿದರು, ಅವಷ್ಟೂ ತಿರಸ್ಕೃತವಾದವು. ಆಸ್ಪತ್ರೆಯಿಂದ ಬಿಡುಗಡೆಯಾದ 60 ದಿನಗಳವರೆಗಿನ ವೆಚ್ಚ ಮಾತ್ರ ಆ ಪಾಲಿಸಿಯಲ್ಲಿ ಸೇರಿತ್ತು.

ಆ ವರ್ಷ ಎಲೆಚುಕ್ಕಿ ರೋಗದಿಂದ ಅಡಿಕೆ ತೋಟದ ಆದಾಯವೂ ಕುಸಿದಿತ್ತು. ದೊಡ್ಡಪ್ಪ ಯಾರಿಗೂ ತಿಳಿಸದೆ, ದಿನಕ್ಕೆ ಎರಡು ಬಾರಿ ತೆಗೆದುಕೊಳ್ಳಬೇಕಾಗಿದ್ದ ಟೈಕಾಗ್ರೆಲಾರ್ ಮಾತ್ರೆಯನ್ನು ಒಂದೇ ಹೊತ್ತಿಗೆ ಇಳಿಸಿದರು, ಆಮೇಲೆ ದಿನ ಬಿಟ್ಟು ದಿನ ನುಂಗತೊಡಗಿದರು. ಆ ಮಾತ್ರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವಂಥದ್ದು. ವೈದ್ಯರು ಹೇಳಿದ ಅವಧಿಗೆ ಮೊದಲೇ ಅದನ್ನು ಕಡಿಮೆ ಮಾಡಿದರೆ ಸ್ಟೆಂಟು ಮುಚ್ಚಿಕೊಂಡು ಮತ್ತೆ ಹೃದಯಾಘಾತವಾಗಬಹುದು. ಆಷಾಢದ ಮಳೆಯಲ್ಲಿ ಎದೆನೋವೆಂದು ಅವರನ್ನು ಶಿವಮೊಗ್ಗಕ್ಕೆ ಕರೆತಂದಾಗ ಆಗಿದ್ದದ್ದೂ ಅದೇ. ವೈದ್ಯರು ಮಾತ್ರೆಯ ವಿಚಾರ ಕೇಳಿದ ಮೇಲೆಯೇ ಅವರು ಬಾಯಿಬಿಟ್ಟರು: "ಕಂಪನಿಯವರು ದುಡ್ಡು ಕೊಡೋದಿಲ್ಲ ಅಂದಮೇಲೆ ಮಕ್ಕಳ ಹತ್ರ ತಿಂಗಳು ತಿಂಗಳು ಹ್ಯಾಗೆ ಕೇಳೋದು?" ಜೀವ ಉಳಿಯಿತು, ಆದರೆ ಹೃದಯದ ಶಕ್ತಿ ಮೊದಲಿನಂತಿಲ್ಲ.

ಏಜೆಂಟರ ಬಾಯಿಮಾತಿಗೆ ಕ್ಲೇಮಿನ ಹೊತ್ತಿನಲ್ಲಿ ಬೆಲೆಯಿಲ್ಲ. ಬರಹದಲ್ಲಿರುವುದೇ ಲೆಕ್ಕಕ್ಕೆ ಬರುತ್ತದೆ. ಪಾಲಿಸಿಯ ಜೊತೆ ಗ್ರಾಹಕ ಮಾಹಿತಿ ಪತ್ರವೊಂದನ್ನು ಕೊಡಬೇಕೆಂಬ ನಿಯಮವಿದ್ದು, ಅದನ್ನು ಕನ್ನಡದಲ್ಲಿಯೇ ಕೇಳಿ ಪಡೆಯಬಹುದು. ದಾಖಲಾಗುವ ಮೊದಲಿನ ಮತ್ತು ಬಿಡುಗಡೆಯ ನಂತರದ ಎಷ್ಟು ದಿನಗಳ ಔಷಧಿ ಸೇರಿದೆ, ಹೊರರೋಗಿ ವೆಚ್ಚ (ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಚಿಕಿತ್ಸೆ, ಔಷಧಿಯ ಖರ್ಚು) ಸೇರಿದೆಯೇ, ಸಹಪಾವತಿ ಶೇಕಡಾ ಎಷ್ಟು, ಮೊದಲೇ ಇದ್ದ ಬಿಪಿ, ಸಕ್ಕರೆ ಕಾಯಿಲೆಗಳಿಗೆ ವಿಮೆಯ ಹಣ ಸಿಗಲು ಎಷ್ಟು ಕಾಲ ಕಾಯಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಈ ಕಾಯುವ ಅವಧಿ 2024ರ ಏಪ್ರಿಲ್‌ನಿಂದ ಗರಿಷ್ಠ 3 ವರ್ಷಕ್ಕೆ ಇಳಿದಿದೆ. ಓದಿದ ಮೇಲೆ ಒಪ್ಪಿಗೆಯಾಗದಿದ್ದರೆ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಹಿಂದಿರುಗಿಸಬಹುದು. ನನ್ನ ದೃಷ್ಟಿಯಲ್ಲಿ ಗ್ರಾಹಕರ ಕೈಯಲ್ಲಿರುವ ದೊಡ್ಡ ಹಕ್ಕು ಇದೇ, ಏಕೆಂದರೆ ಷರತ್ತಿನಲ್ಲಿ ಇಲ್ಲವೆಂದು ಬರೆದಿರುವ ವೆಚ್ಚಕ್ಕಾಗಿ ಆಮೇಲೆ ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ವಿಮಾ ಲೋಕಪಾಲರವರೆಗೆ ಹೋದರೂ ಗೆಲ್ಲುವುದು ಕಷ್ಟ. ಆಯುಷ್ಮಾನ್ ಭಾರತ್ ಯೋಜನೆಯಲ್ಲಿಯೂ ಬಿಡುಗಡೆಯ ನಂತರದ ಔಷಧಿ 15 ದಿನಗಳವರೆಗೆ ಮಾತ್ರ. ಆ ಕಾರ್ಡನ್ನು ನಂಬಿಕೊಂಡು ತಿಂಗಳ ಮಾತ್ರೆಯ ಖರ್ಚನ್ನು ಲೆಕ್ಕದಿಂದ ಬಿಡಬೇಡಿ.

ಆ ಖರ್ಚನ್ನು ಇಳಿಸುವುದಕ್ಕೆ ದಾರಿಗಳಿವೆ, ಅವನ್ನು ಆಸ್ಪತ್ರೆಯಿಂದ ಹೊರಡುವ ದಿನವೇ ಕೇಳಿಕೊಳ್ಳಬೇಕು. ಚೀಟಿಯಲ್ಲಿ ಕಂಪನಿಯ ಹೆಸರಿನ ಬದಲು ಔಷಧಿಯ ಮೂಲ ಹೆಸರನ್ನು ಬರೆದುಕೊಡಿರೆಂದು ವೈದ್ಯರಲ್ಲಿ ವಿನಂತಿಸಿದರೆ, ಕಡಿಮೆ ಬೆಲೆಯ ಔಷಧಿ ಮಾರುವ ಸರ್ಕಾರಿ ಯೋಜನೆಯ ಜನೌಷಧಿ ಕೇಂದ್ರದಲ್ಲಿ ಕೊಳ್ಳುವುದು ಸುಲಭವಾಗುತ್ತದೆ. ಅಲ್ಲಿ ಬಹಳಷ್ಟು ಮಾತ್ರೆಗಳು ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತವೆ. ಜನೌಷಧಿ ಸುಗಮ್ ಎಂಬ ಆ್ಯಪ್‌ನಲ್ಲಿ ಹತ್ತಿರದ ಕೇಂದ್ರವನ್ನೂ ಬೆಲೆಯನ್ನೂ ನೋಡಬಹುದು. ಬಿಪಿ, ಸಕ್ಕರೆ ಕಾಯಿಲೆಯ ಸಾಮಾನ್ಯ ಮಾತ್ರೆಗಳನ್ನು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುತ್ತಾರೆ. ದುಬಾರಿ ಮಾತ್ರೆಯ ಬದಲಿಗೆ ಅಗ್ಗದ್ದು ಆದೀತೇ ಎಂದು ಕೇಳುವುದರಲ್ಲಿಯೂ ಸಂಕೋಚ ಬೇಡ. ದೊಡ್ಡಪ್ಪನಿಗೆ ಈಗ ವೈದ್ಯರೇ ಯೋಚಿಸಿ, ಟೈಕಾಗ್ರೆಲಾರ್ ಬದಲಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ಮಾತ್ರೆಯಾದ ಕ್ಲೊಪಿಡೋಗ್ರೆಲ್ ಬರೆದಿದ್ದಾರೆ, ಅದರ ಖರ್ಚು ತೀರಾ ಕಡಿಮೆ. ಆದರೆ ಈ ಬದಲಾವಣೆ ವೈದ್ಯರು ಮಾಡಬೇಕಾದದ್ದು, ಅಂಗಡಿಯವರಾಗಲಿ ಮನೆಯವರಾಗಲಿ ಮಾಡುವಂಥದ್ದಲ್ಲ.

ಹಿರಿಯರು ಹಣದ ವಿಷಯವನ್ನು ತಾವಾಗಿ ಎತ್ತುವುದಿಲ್ಲ. ಊರಿಗೆ ಹೋದಾಗ ಮಾತ್ರೆಯ ಹಾಳೆಗಳನ್ನು ಕೊಂಡ ದಿನಾಂಕದೊಡನೆ ತಾಳೆ ಹಾಕಿ ನೋಡಿ. ಇರಬೇಕಾದದ್ದಕ್ಕಿಂತ ಹೆಚ್ಚು ಉಳಿದಿದ್ದರೆ ಗದರದೆ ಕಾರಣ ಕೇಳಿ, ಅದೇ ದಿನ ವೈದ್ಯರಿಗೆ ಫೋನ್ ಮಾಡಿ ತಿಳಿಸಿ.