ಸೂಜಿಯೋ ಎಣ್ಣೆಯೋ: ಸೊಂಟ, ತಲೆ, ಮೊಣಕಾಲಿನ ಲೆಕ್ಕ

ಸೂಜಿ ಚುಚ್ಚುವ ಅಕ್ಯುಪಂಕ್ಚರ್ ಒಳ್ಳೆಯದೋ ಎಣ್ಣೆ ಮಸಾಜ್ ಒಳ್ಳೆಯದೋ ಎಂದು ಯಾರಾದರೂ ಕೇಳಿದರೆ, ನೋವು ಎಲ್ಲಿದೆ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ. ಅದನ್ನು ಕೇಳದೆಯೇ ಒಂದರ ಪರ ವಕಾಲತ್ತು ವಹಿಸುವವರು ನಮ್ಮ ಸುಂಟಿಕೊಪ್ಪದ ಸಂತೆಯಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ನಮ್ಮ ಮನೆಯಲ್ಲಿ ಮೂರು ಬಗೆಯ ನೋವುಗಳಿವೆ. ನನಗೆ ಸೊಂಟ ಮತ್ತು ಹೆಗಲು, ಹೆಂಡತಿಗೆ ಅರೆತಲೆನೋವು, ಅಕ್ಕನಿಗೆ ಮೊಣಕಾಲು. ಸೂಜಿಗೆ ಕುಶಾಲನಗರ, ಎಣ್ಣೆಗೆ ಮಡಿಕೇರಿ. ನಾವಿರುವುದು ಎರಡರ ನಡುವೆ ಆದ್ದರಿಂದ ಮೂವರೂ ಎರಡನ್ನೂ ನೋಡಿದ್ದೇವೆ.

ನನ್ನ ಸೊಂಟದ ಕಥೆ ತೋಟ ಇರುವ ಯಾರಿಗೂ ಹೊಸದಲ್ಲ. ಕಳೆ ಹೊಡೆಯುವ ಯಂತ್ರವನ್ನು ಹೆಗಲಿಗೆ ನೇತುಹಾಕಿಕೊಂಡು ಇಳಿಜಾರಿನಲ್ಲಿ ಅರ್ಧ ದಿನ ನಿಲ್ಲುವುದು, ಕೊಯ್ಲಿನ ಕಾಲದಲ್ಲಿ ಕಾಫಿ ಚೀಲ ಎತ್ತುವವರಿಗೆ ಕೈಕೊಡುವುದು, ಇವೆರಡರ ನಡುವೆ ತೋಟದ ದಾರಿಯಲ್ಲಿ ಜೀಪಿನ ಕುಲುಕಾಟ. ಮೂಳೆ ಡಾಕ್ಟರಿಗೆ ತೋರಿಸಿ, ಡಿಸ್ಕ್ ಜಾರಿಲ್ಲ, ಕಾಲಿನ ಬಲ ಕಡಿಮೆಯಾಗಿಲ್ಲ ಎಂದು ಖಾತರಿ ಮಾಡಿಕೊಂಡೇ ಈ ಎರಡು ದಾರಿಗಳನ್ನು ಹಿಡಿದೆ. ಕಾಲು ಜೋಮು ಹಿಡಿಯುವುದು, ಮೂತ್ರದ ಹತೋಟಿ ತಪ್ಪುವುದು, ಜ್ವರದ ಜೊತೆ ಬೆನ್ನುನೋವು ಬರುವುದು, ಇಂಥವಿದ್ದರೆ ಸೂಜಿಯೂ ಬೇಡ ಎಣ್ಣೆಯೂ ಬೇಡ, ನೇರ ಆಸ್ಪತ್ರೆಗೆ ಹೋಗಬೇಕು.

ಮಡಿಕೇರಿಯಲ್ಲಿ ನನಗೆ ಎಣ್ಣೆ ಹಚ್ಚುವವರು ಕಣ್ಣೂರಿನ ಕಡೆಯವರು. ಎಲ್ಲರೂ ಅವರನ್ನು ಚೇಟ ಎಂದೇ ಕರೆಯುತ್ತಾರೆ. ಗಡಿಯಾಚೆಯ ಈ ವಿದ್ಯೆ ಮಾಕುಟ್ಟದ ಘಾಟಿ ಹತ್ತಿ ಬಂದು ಕೊಡಗಿನಲ್ಲಿ ಗಟ್ಟಿಯಾಗಿ ನೆಲೆಯೂರಿದೆ. ಈಗ ಹೋಂಸ್ಟೇ ಬೋರ್ಡಿನ ಕೆಳಗೆ ‘ಕೇರಳ ಆಯುರ್ವೇದ ಮಸಾಜ್’ ಎಂಬ ಇನ್ನೊಂದು ಬೋರ್ಡು ಇಲ್ಲದ ರಸ್ತೆಯೇ ಇಲ್ಲವೆನ್ನಬೇಕು. ಅವುಗಳಲ್ಲಿ ಹೆಚ್ಚಿನವು ಪ್ರವಾಸಿಗರಿಗೆ ಮೈ ಹಗುರ ಮಾಡಿ ಕಳಿಸುವ ಜಾಗಗಳು. ನಾನು ಹೋಗುವ ಕಡೆ ಆಯುರ್ವೇದ ವೈದ್ಯರೊಬ್ಬರು ಮೊದಲು ನಾಡಿ, ರಕ್ತದೊತ್ತಡ ನೋಡಿ, ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿ, ಯಾವ ಎಣ್ಣೆ ಎಂದು ಬರೆದುಕೊಡುತ್ತಾರೆ. ಆಮೇಲೆ ಚೇಟನ ಕೈಗೆ ಒಪ್ಪಿಸುತ್ತಾರೆ. ನನಗೆ ಸಾಮಾನ್ಯವಾಗಿ ಕೊಟ್ಟಂಚುಕ್ಕಾದಿ ತೈಲ, ಕೆಲವೊಮ್ಮೆ ಧನ್ವಂತರಂ. ಮರದ ದ್ರೋಣಿಯ ಮೇಲೆ ಕೌಪೀನ ಕಟ್ಟಿಕೊಂಡು ಮಲಗಿದರೆ ಬಿಸಿ ಎಣ್ಣೆ ಬೆನ್ನ ಮೇಲೆ ಇಳಿಯುತ್ತದೆ. ನಾಚಿಕೆ ಸ್ವಭಾವದವರಿಗೆ ಇದು ಮೊದಲ ಅಡ್ಡಿ. ಹೆಂಗಸರು ಮಹಿಳಾ ಸಿಬ್ಬಂದಿ ಇದ್ದಾರೆಯೇ ಎಂದು ಫೋನಿನಲ್ಲೇ ಕೇಳಿ ಹೋಗುವುದು ಕ್ಷೇಮ. ಸೂಜಿಯ ಕಡೆ ಈ ತಾಪತ್ರಯ ಇಷ್ಟಿಲ್ಲ. ಅಂಗಿ ಮೇಲೆ ಸರಿಸಿದರೆ, ಪ್ಯಾಂಟು ಮೊಣಕಾಲಿನವರೆಗೆ ಮಡಿಚಿದರೆ ಬಹುತೇಕ ಕೆಲಸ ಆಗುತ್ತದೆ.

ತಿಕ್ಕುವುದು ಮುಗಿದ ಮೇಲೆ ಕಟಿಬಸ್ತಿ. ಉದ್ದಿನ ಹಿಟ್ಟಿನಿಂದ ಸೊಂಟದ ಮೇಲೆ ದುಂಡಗೆ ಕಟ್ಟೆ ಕಟ್ಟಿ ಅದರೊಳಗೆ ಬೆಚ್ಚಗಿನ ಎಣ್ಣೆ ತುಂಬಿ ನಿಲ್ಲಿಸುತ್ತಾರೆ. ತಣ್ಣಗಾದಂತೆ ತೆಗೆದು ಮತ್ತೆ ಬಿಸಿ ಎಣ್ಣೆ ಹಾಕುತ್ತಾರೆ. ಕೆಲವು ದಿನ ಎಲೆಕಿಳಿಯೂ ಇರುತ್ತದೆ. ಲಕ್ಕಿ, ಹರಳು, ಎಕ್ಕದ ಎಲೆಗಳನ್ನು ತೆಂಗಿನತುರಿ, ನಿಂಬೆಯ ಜೊತೆ ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ, ಬಿಸಿ ಎಣ್ಣೆಯಲ್ಲಿ ಅದ್ದಿ ಒತ್ತುತ್ತಾರೆ. ಇದರ ಫಲ ಕಾಯಬೇಕಾಗಿಲ್ಲ. ದ್ರೋಣಿಯಿಂದ ಇಳಿಯುವಾಗಲೇ ಸೊಂಟ ತಿರುಗುತ್ತದೆ, ಆ ರಾತ್ರಿ ನಿದ್ದೆ ಗ್ಯಾರಂಟಿ. ಒಂದೇ ದಿನ ಮಾಡಿಸಿಕೊಂಡರೆ ಸುಖ ಮೂರು ನಾಲ್ಕು ದಿನದ್ದು. ಒಂದು ವಾರ ಬಿಡದೆ ಹೋದ ವರ್ಷಗಳಲ್ಲಿ ಮಳೆಗಾಲದ ಬಿಗಿತ ಮುಗಿಯುವವರೆಗೂ ತಡೆದಿದೆ.

ಎಣ್ಣೆಯ ನಿಜವಾದ ಬೆಲೆ ಬಿಲ್ಲಿನಲ್ಲಿ ಕಾಣುವುದಿಲ್ಲ. ಅದು ಅರ್ಧ ದಿನ ತಿನ್ನುತ್ತದೆ. ತಿಕ್ಕಿಸಿಕೊಂಡು, ಬಿಸಿನೀರಿನಲ್ಲಿ ಮಿಂದು, ತಲೆಗೆ ಟವೆಲ್ ಸುತ್ತಿಕೊಂಡು ಕೂರಬೇಕು. ಗಾಳಿಗೆ ಹೋಗಬಾರದು, ಮಳೆಯಲ್ಲಿ ನೆನೆಯಬಾರದು, ಭಾರ ಎತ್ತಬಾರದು. ಜುಲೈಯ ಮಡಿಕೇರಿಯಲ್ಲಿ ಮಳೆಯಲ್ಲಿ ನೆನೆಯಬಾರದು ಎಂದು ಹೇಳಿದ ವೈದ್ಯರ ಮುಖವನ್ನು ನಾನು ಸ್ವಲ್ಪ ಹೊತ್ತು ನೋಡಿದೆ. ಚೇಟನಿಗೆ ಮಾತ್ರ ಅದೇ ಸರಿಯಾದ ಕಾಲ. ನಮ್ಮ ಕಕ್ಕಡವೇ ಅವರ ಕರ್ಕಿಡಕ, ಎಣ್ಣೆ ಚಿಕಿತ್ಸೆಗೆ ಅವರು ಮೀಸಲಿಟ್ಟ ತಿಂಗಳು. ‘ಈ ತಿಂಗಳು ಮೈ ಎಣ್ಣೆ ಕುಡಿಯುತ್ತದೆ ಸಾರ್’ ಎನ್ನುತ್ತಾರೆ. ನಾವೂ ಅದೇ ಕಕ್ಕಡದ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರಂದು, ಮದ್ದುಸೊಪ್ಪಿನ ಪಾಯಸ ಉಂಡು ಮರುದಿನ ಕೆಂಪಗಾದ ಮೂತ್ರ ನೋಡಿ ಮದ್ದು ಹಿಡಿಯಿತು ಎಂದು ಖುಷಿಪಡುವವರು. ಆದ್ದರಿಂದ ಅವರೊಡನೆ ನಾನು ವಾದಕ್ಕೆ ಇಳಿಯುವುದಿಲ್ಲ.

ಕುಶಾಲನಗರದಲ್ಲಿ ಸೂಜಿ ಹಾಕುವವರು ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ ಮುಗಿಸಿದ ಚಿಕ್ಕ ವಯಸ್ಸಿನ ಡಾಕ್ಟರ್. ಆ ಪದವಿಯ ಪಠ್ಯದಲ್ಲಿ ಅಕ್ಯುಪಂಕ್ಚರ್ ಒಂದು ವಿಷಯ. ಚೀನಾದ ಈ ವಿದ್ಯೆ ನಮ್ಮ ದೇಶಕ್ಕೆ ಬಂದ ದಾರಿಯೂ ಸ್ವಾರಸ್ಯದ್ದು. 1938ರಲ್ಲಿ ಯುದ್ಧದ ಗಾಯಾಳುಗಳ ಸೇವೆಗೆಂದು ಚೀನಾಕ್ಕೆ ಹೋದ ಭಾರತೀಯ ವೈದ್ಯರ ತಂಡದಲ್ಲಿ ಕೋಟ್ನಿಸ್ ಜೊತೆಗಿದ್ದ ಡಾ. ಬಿ. ಕೆ. ಬಸು, 1950ರ ದಶಕದ ಕೊನೆಯಲ್ಲಿ ಅಲ್ಲಿಗೆ ಮತ್ತೆ ಹೋಗಿ ಕಲಿತು ಕಲ್ಕತ್ತೆಗೆ ತಂದರು. ಕೇಂದ್ರ ಆರೋಗ್ಯ ಸಚಿವಾಲಯ 2003ರಲ್ಲಿ ಇದನ್ನು ಚಿಕಿತ್ಸಾ ವಿಧಾನವೆಂದು ಒಪ್ಪಿತು, 2019ರಲ್ಲಿ ಸ್ವತಂತ್ರ ಪದ್ಧತಿಯೆಂದು ಮಾನ್ಯ ಮಾಡಿತು.

ಚುಚ್ಚಿದರೆ ನೋಯುವುದಿಲ್ಲವೇ ಎಂಬುದು ಎಲ್ಲರ ಪ್ರಶ್ನೆ. ಸೂಜಿ ಸುಮಾರು 0.25 ಮಿಲಿಮೀಟರ್ ದಪ್ಪ, ಇಂಜೆಕ್ಷನ್ ಸೂಜಿ ಅದರ ಎರಡು ಪಟ್ಟಿಗೂ ಹೆಚ್ಚು. ಕಾಫಿ ಗಿಡದ ಕೆಂಜಿರುವೆ ಕಚ್ಚಿಸಿಕೊಂಡವರಿಗೆ ಇದು ಲೆಕ್ಕಕ್ಕೇ ಇಲ್ಲ. ಚುಚ್ಚಿದ ಮೇಲೆ ಡಾಕ್ಟರ್ ಸೂಜಿಯನ್ನು ನವಿರಾಗಿ ತಿರುಗಿಸಿದಾಗ ಒಳಗೆ ಭಾರವಾದ, ಮಂದವಾದ ಒಂದು ಎಳೆತ ಹರಡುತ್ತದೆ. ಅದು ವಿಚಿತ್ರವೇ ಹೊರತು ನೋವಲ್ಲ. ನನಗೆ ಸೊಂಟದ ಎರಡೂ ಬದಿ, ಮಂಡಿಯ ಹಿಂದಿನ ಮಡಿಕೆ, ಕಾಲಿನ ಗಿಣ್ಣಿನ ಬಳಿ ಹಾಕಿ ಅರ್ಧ ಗಂಟೆ ಬಿಡುತ್ತಾರೆ. ಎದ್ದು ಜೀಪು ಓಡಿಸಿಕೊಂಡು ಬರಬಹುದು, ಮಧ್ಯಾಹ್ನ ತೋಟಕ್ಕೂ ಹೋಗಬಹುದು. ಆದರೆ ಮೊದಲ ಒಂದೆರಡು ಸಲ ಏನೂ ಆಗಲಿಲ್ಲ, ಸ್ವಲ್ಪ ಸುಸ್ತು ಬಿಟ್ಟರೆ. ಹಲವು ವಾರ ಹೋದ ಮೇಲೆ ಬೆಳಗಿನ ಬಿಗಿತ ಕಡಿಮೆಯಾಯಿತು ಎನ್ನಬಹುದು. ಎನ್ನಬಹುದು ಎಂದೇ ಬರೆಯುತ್ತೇನೆ, ಏಕೆಂದರೆ ಅಷ್ಟರಲ್ಲಿ ಕೊಯ್ಲೂ ಮುಗಿದಿತ್ತು, ಚೀಲ ಎತ್ತುವುದೂ ನಿಂತಿತ್ತು.

ಸೊಂಟದ ಮಟ್ಟಿಗೆ ನನ್ನ ಓಟು ಎಣ್ಣೆಗೆ. ಇದು ನನ್ನೊಬ್ಬನ ಮೈಯ ಮಾತು ಮಾತ್ರ ಅಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ದೀರ್ಘಕಾಲದ ಬೆನ್ನುನೋವಿನ 262 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ಸೂಜಿ, ಇನ್ನೊಂದಕ್ಕೆ ಮಸಾಜ್, ಮತ್ತೊಂದಕ್ಕೆ ಪುಸ್ತಕ ಮತ್ತು ವಿಡಿಯೊ ಮಾತ್ರ ಕೊಟ್ಟು ನೋಡಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಹತ್ತು ವಾರದ ಹೊತ್ತಿಗೆ ದಿನನಿತ್ಯದ ಕೆಲಸ ಮಾಡಿಕೊಳ್ಳುವ ವಿಚಾರದಲ್ಲಿ ಮಸಾಜ್ ಗುಂಪು ಸೂಜಿಯವರಿಗಿಂತ ಮುಂದಿತ್ತು. ಅಲ್ಲಿ ಮಾಡಿದ್ದು ಪಾಶ್ಚಾತ್ಯ ರೀತಿಯ ಮಸಾಜ್, ಚೇಟನ ಅಭ್ಯಂಗವಲ್ಲ, ಅದು ನೆನಪಿರಲಿ. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಒಂದು ವರ್ಷ ಕಳೆಯುವಷ್ಟರಲ್ಲಿ, ಪುಸ್ತಕ ಓದಿ ತಾವೇ ವ್ಯಾಯಾಮ ಮಾಡಿಕೊಂಡವರು ಮಸಾಜ್ ಗುಂಪಿನ ಸಮಕ್ಕೆ ಬಂದಿದ್ದರು. ಅದನ್ನು ಓದಿದ ಮೇಲೆ ದ್ರೋಣಿ ಇಳಿದು ಮೈ ಸಡಿಲವಾಗಿರುವ ಆ ಮೂರು ನಾಲ್ಕು ದಿನ ತಪ್ಪದೆ ನಡೆಯುತ್ತೇನೆ, ಬೆನ್ನಿನ ವ್ಯಾಯಾಮ ಮಾಡುತ್ತೇನೆ. ಬಿಗಿದ ಸೊಂಟದಲ್ಲಿ ಅವು ಆಗುತ್ತಿರಲಿಲ್ಲ.

ಸೂಜಿಯವರ ಪರವಾಗಿಯೂ ದೊಡ್ಡ ಅಧ್ಯಯನವಿದೆ, ಆದರೆ ಅದು ಎರಡಲಗಿನದು. 2007ರಲ್ಲಿ ಜರ್ಮನಿಯಿಂದ ಬಂದದ್ದು, 1,162 ಮಂದಿಯ ಮೇಲೆ ಮಾಡಿದ್ದು. ಸೊಂಟನೋವಿಗೆ ಸೂಜಿ ಹಾಕಿಸಿಕೊಂಡವರಲ್ಲಿ ಶೇ 47.6 ಮಂದಿಗೆ ಗುಣ ಕಂಡಿತು, ಮಾತ್ರೆ, ಫಿಸಿಯೊಥೆರಪಿ, ವ್ಯಾಯಾಮದವರಲ್ಲಿ ಶೇ 27.4. ಮೂರನೆಯ ಗುಂಪಿಗೆ ಬೇಕೆಂದೇ ಅಕ್ಯುಪಂಕ್ಚರ್ ಗೊತ್ತುಮಾಡಿರುವ ಬಿಂದುಗಳಲ್ಲದ ಕಡೆ, ಆಳಕ್ಕೆ ಹೋಗದಂತೆ ಸೂಜಿ ಚುಚ್ಚಿದ್ದರು. ಅವರಲ್ಲೂ ಶೇ 44.2! ಹಾಗಾದರೆ ಕುಶಾಲನಗರದ ಡಾಕ್ಟರ್ ಗೋಡೆಯ ಮೇಲೆ ತೂಗುಹಾಕಿರುವ 361 ಬಿಂದುಗಳ ನಕ್ಷೆಯ ಗತಿ ಏನು? ಡಾಕ್ಟರನ್ನೇ ಕೇಳಿದೆ. ‘ಅಂಕಲ್, ಶಕ್ತಿ ಹರಿಯುವ ದಾರಿ ಎಂದು ಕಲಿಸುತ್ತಾರೆ. ನರಗಳಿಗೆ ಪ್ರಚೋದನೆ ಎಂದೂ ಹೇಳುತ್ತಾರೆ. ನಿಮಗೆ ಯಾವುದು ಬೇಕೋ ಇಟ್ಟುಕೊಳ್ಳಿ’ ಎಂದರು. ಈ ಉತ್ತರ ನನಗೆ ಇಷ್ಟವಾಯಿತು. ಚೇಟ ಮಾತ್ರ ಎಲ್ಲದಕ್ಕೂ ವಾತ ಎನ್ನುತ್ತಾರೆ, ಅದರಿಂದ ಆಚೆ ಒಂದಡಿ ಇಡುವುದಿಲ್ಲ. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ ಸಂಸ್ಥೆ ನೈಸ್ 2009ರಲ್ಲಿ ಸೊಂಟನೋವಿಗೆ ಅಕ್ಯುಪಂಕ್ಚರ್ ಕೊಡಬಹುದು ಎಂದಿತ್ತು, 2016ರಲ್ಲಿ ಬೇಡ ಎಂದು ತಿದ್ದಿಕೊಂಡಿತು. ನಕಲಿ ಸೂಜಿಗೂ ಅಸಲಿಗೂ ಇರುವ ಅಂತರ ಇಷ್ಟು ಕಿರಿದಾದರೆ ಅವರಾದರೂ ಏನು ಮಾಡಿಯಾರು?

ಆದರೆ ತಲೆನೋವಿಗೆ ಬಂದರೆ ತಕ್ಕಡಿ ಪೂರ್ತಿ ಸೂಜಿಯ ಕಡೆ ವಾಲುತ್ತದೆ. ನನ್ನ ಹೆಂಡತಿಗೆ ಅರೆತಲೆನೋವು ಬಂದರೆ ಕಿಟಕಿ ಮುಚ್ಚಿ ಕತ್ತಲಲ್ಲಿ ಮಲಗಬೇಕು, ಅಡುಗೆಮನೆಯ ಒಗ್ಗರಣೆಯ ವಾಸನೆಯೂ ಆಗದು. ಎಣ್ಣೆ ಚಿಕಿತ್ಸೆಗೆ ಹೋದ ದಿನ ತೈಲದ ಘಾಟಿಗೇ ತಲೆ ಹಿಡಿದುಕೊಂಡು ಬಂದಳು. ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ಸೂಜಿ ಅವಳಿಗೆ ಒಗ್ಗಿತು. ತಲೆಬುಡದ ಎರಡು ಕಡೆ, ಹೆಬ್ಬೆರಳು ತೋರುಬೆರಳಿನ ನಡುವೆ, ಪಾದದ ಮೇಲೆ. ನೋವು ಬಂದ ದಿನ ಓಡಿಹೋಗುವ ಚಿಕಿತ್ಸೆ ಇದಲ್ಲ, ನೋವು ಬರುವುದನ್ನೇ ಕಡಿಮೆ ಮಾಡುವುದಕ್ಕೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅವಳು ನೋವಿನ ದಿನಗಳಿಗೆ ಕೆಂಪು ಗೀಟು ಹಾಕುತ್ತಾ ಬಂದಿದ್ದಾಳೆ. ತಿಂಗಳಿಂದ ತಿಂಗಳಿಗೆ ಗೀಟು ವಿರಳವಾದದ್ದನ್ನು ನಾನೂ ಕಂಡಿದ್ದೇನೆ. ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಬಳಗದ 2016ರ ವರದಿಯಲ್ಲೂ ಇಂಥದ್ದೇ ಮಾತಿದೆ. ಮಾಮೂಲಿ ಚಿಕಿತ್ಸೆಯ ಜೊತೆಗೆ ಸೂಜಿ ಹಾಕಿಸಿಕೊಂಡ 100 ಮಂದಿಯಲ್ಲಿ 41 ಮಂದಿಗೆ ನೋವಿನ ದಿನಗಳು ಅರ್ಧಕ್ಕೆ ಇಳಿದವು, ಹಾಕಿಸಿಕೊಳ್ಳದವರಲ್ಲಿ 17 ಮಂದಿಗೆ. ತಡೆಗಟ್ಟಲು ದಿನವೂ ನುಂಗುವ ಮಾತ್ರೆಗಳಿಗೂ ಇದು ಕಡಿಮೆಯಿಲ್ಲವೆಂದು ಅದು ಹೇಳುತ್ತದೆ. ಮಾತ್ರೆಯಿಂದ ದಿನವಿಡೀ ತೂಕಡಿಸುತ್ತಿದ್ದವಳಿಗೆ ಇದು ಸಣ್ಣ ಲಾಭವಲ್ಲ.

ಮೊಣಕಾಲಿಗೆ ನಾನು ಎರಡಕ್ಕೂ ದುಡ್ಡು ಹಾಕುವುದಿಲ್ಲ. ಅಕ್ಕನಿಗೆ ಕಿಳಿಯ ಬಿಸಿ ಹಿತವಾಗಿತ್ತು, ಸೂಜಿಯಿಂದಲೂ ಕೆಲವು ವಾರ ಮೆಟ್ಟಿಲು ಹತ್ತುವುದು ಸುಲಭವಾಗಿತ್ತು. ಅಮೆರಿಕದ ಸಂಧಿವಾತ ತಜ್ಞರ ಸಂಘ 2019ರಲ್ಲಿ ಸವೆದ ಮೊಣಕಾಲಿಗೆ ಅಕ್ಯುಪಂಕ್ಚರ್ ಪ್ರಯತ್ನಿಸಬಹುದು ಎಂದಿತು, ಮಸಾಜ್ ಬೇಡ ಎಂದಿತು, ಎರಡನ್ನೂ ಷರತ್ತಿನೊಡನೆಯೇ. ಅಕ್ಕನನ್ನು ಮತ್ತೆ ತೋಟದ ಇಳಿಜಾರಿಗೆ ಇಳಿಸಿದ್ದು ಫಿಸಿಯೊಥೆರಪಿಯವರು ಹೇಳಿಕೊಟ್ಟ ತೊಡೆಯ ವ್ಯಾಯಾಮ ಮತ್ತು ಇಳಿಸಿಕೊಂಡ ತೂಕ.

ಹೆಗಲಿಗೆ ಎಣ್ಣೆಯನ್ನೇ ಹಚ್ಚಿಸಿಕೊಳ್ಳುತ್ತೇನೆ, ಅದಕ್ಕೆ ಭಯವೂ ಒಂದು ಕಾರಣ. ಹೆಗಲು, ಬೆನ್ನಿನ ಮೇಲ್ಭಾಗದಲ್ಲಿ ಸೂಜಿ ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ತಾಗಿ ಎದೆಗೂಡಿನೊಳಗೆ ಗಾಳಿ ಸೇರುವ ಅಪಾಯ ಇದೆ. ಅಪರೂಪ, ಆದರೆ ಇದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಗರ್ಭಿಣಿಯರು ಮೊದಲೇ ಹೇಳಬೇಕು. ಸೂಜಿಗೆ ವಿದ್ಯುತ್ ಕೊಡುವ ಪದ್ಧತಿ ಪೇಸ್‌ಮೇಕರ್ ಇದ್ದವರಿಗೆ ಕೂಡದು. ಸೂಜಿಯ ಪೊಟ್ಟಣ ನಮ್ಮ ಕಣ್ಣೆದುರೇ ಒಡೆಯಬೇಕು, ಒಮ್ಮೆ ಬಳಸಿದ್ದು ಡಬ್ಬಿಗೆ ಬೀಳಬೇಕು. ಎಣ್ಣೆಯವರಲ್ಲೂ ಅಪಾಯ ಕಡಿಮೆಯೇನಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಿಗೆ ಬಿಸಿ ಕಿಳಿ ಸುಟ್ಟರೂ ತಿಳಿಯುವುದಿಲ್ಲ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅದನ್ನು ತಿಕ್ಕಲೇಬಾರದು. ಇನ್ನು ಕೊನೆಗೆ ಉಚಿತವೆಂಬಂತೆ ಕುತ್ತಿಗೆಯನ್ನು ಲಟಕ್ಕೆಂದು ತಿರುಗಿಸುವವರಿದ್ದಾರೆ. ಕುತ್ತಿಗೆಯ ರಕ್ತನಾಳ ಒಳಗೆ ಹರಿದು ಪಾರ್ಶ್ವವಾಯು ಬಂದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಚೇಟನಿಗೆ ಮೊದಲ ದಿನವೇ ಹೇಳಿಬಿಟ್ಟೆ, ಕುತ್ತಿಗೆಗೆ ಎಣ್ಣೆ ಸಾಕು, ಲಟಕ್ ಬೇಡ ಎಂದು. ನಕ್ಕರು, ಒಪ್ಪಿದರು.

ಖರ್ಚಿನ ವಿಚಾರ. ನಮ್ಮ ಕಡೆ ಒಂದು ಸಲದ ಎಣ್ಣೆಗೆ ಕೊಡುವ ಹಣದಲ್ಲಿ ಸೂಜಿಗೆ ಎರಡು ಮೂರು ಸಲ ಹೋಗಬಹುದು. ರೆಸಾರ್ಟುಗಳ ದರ ನಮಗಲ್ಲ, ಅದು ಬೆಂಗಳೂರಿನವರಿಗೆ. ಆದರೆ ಸೂಜಿಗೆ ವಾರಕ್ಕೆ ಒಂದೆರಡು ಸಲ ಎರಡು ತಿಂಗಳು ತಿರುಗಬೇಕು, ಡೀಸೆಲ್ ಸೇರಿಸಿದರೆ ಉಳಿತಾಯ ಬಹಳ ಇಲ್ಲ. ಎರಡೂ ಕಡೆ ಪ್ಯಾಕೇಜ್ ಎಂಬ ಗಾಳವಿದೆ, ಹದಿನಾಲ್ಕು ದಿನದ ಎಣ್ಣೆ, ಹತ್ತು ಸಲದ ಸೂಜಿ, ಮುಂಗಡ ಕೊಟ್ಟರೆ ರಿಯಾಯಿತಿ. ಕುಶಾಲನಗರದ ಡಾಕ್ಟರ್ ನನ್ನ ಹೆಂಡತಿಯಿಂದ ಮುಂಗಡ ಪಡೆಯಲಿಲ್ಲ. ‘ಐದಾರು ಸಲ ಬನ್ನಿ ಆಂಟಿ, ಕ್ಯಾಲೆಂಡರ್ ತನ್ನಿ, ಗೀಟು ಕಡಿಮೆಯಾಗದಿದ್ದರೆ ನಾನೇ ನಿಲ್ಲಿಸುತ್ತೇನೆ’ ಎಂದಿದ್ದರು. ಹೊಸದಾಗಿ ಯಾರ ಬಳಿ ಹೋದರೂ ನಾನು ಈಗ ಇದೇ ಷರತ್ತನ್ನು ಮೊದಲು ಮುಂದಿಡುತ್ತೇನೆ.